ಏಳಕ್ಕೆ ಹೋಗಲು ಒಂದರಿಂದ ಎಣಿಸಬೇಕು

ನನ್ನ ಅಕ್ಕ ಗಣಿತದ ಟೀಚರ್. ಇಪ್ಪತ್ತೆರಡು ವರ್ಷ ಮಕ್ಕಳಿಗೆ ಮಗ್ಗಿ ಬಾಯಿಪಾಠ ಮಾಡಿಸಿದವಳು. ಮೆದುಳಿನ ಆಪರೇಷನ್ ಆದ ಒಂಬತ್ತನೇ ದಿನ ನರ್ಸ್ ಬಂದು, "ದಿನಕ್ಕೆ ಒಟ್ಟು ಎಷ್ಟು ಮಾತ್ರೆ ತಗೋತಿದ್ದೀರಿ?" ಎಂದು ಕೇಳಿದರು. ಅಕ್ಕನಿಗೆ ಉತ್ತರ ಗೊತ್ತಿತ್ತು. ಮುಖ ನೋಡಿದರೇ ತಿಳಿಯುತ್ತಿತ್ತು. ಆದರೆ ಪದ ಬರಲಿಲ್ಲ. ತುಟಿ ಅಲ್ಲಾಡಿತು, ನಿಂತಿತು. ಭಾವ "ಏಳು" ಎನ್ನಲು ಹೊರಟರು. ಅಕ್ಕ ಕೈ ಎತ್ತಿ ತಡೆದಳು. ಬೆರಳು ಮಡಚುತ್ತಾ "ಒಂದು, ಎರಡು, ಮೂರು..." ಎಂದು ಶುರು ಮಾಡಿದಳು. ಏಳಕ್ಕೆ ಬಂದು ನಿಂತು, "ಅದು" ಎಂದಳು.

ಸಾಲಾಗಿ ಕಲಿತದ್ದು ಉಳಿದಿರುತ್ತದೆ, ಅದರಲ್ಲೇ ಒಂದನ್ನು ಬಿಡಿಯಾಗಿ ಕೇಳಿದರೆ ಸಿಗುವುದಿಲ್ಲ ಅಂತ ಆಮೇಲೆ ಸ್ಪೀಚ್ ಥೆರಪಿಸ್ಟ್ ಹೇಳಿದರು. ಎಣಿಕೆ, ವಾರದ ಹೆಸರು, ಚಿಕ್ಕಂದಿನ ಹಾಡು ಇವೆಲ್ಲ ಮಾತು ಹೋದವರಲ್ಲೂ ಎಷ್ಟೋ ಸಲ ಉಳಿದುಕೊಂಡಿರುತ್ತವೆ. ಆ ಹೊತ್ತಿಗೆ ನಮಗೆ ಇದೊಂದೂ ಗೊತ್ತಿರಲಿಲ್ಲ. ನಾನು ಕಾರಿಡಾರಿಗೆ ಹೋಗಿ ಗೋಡೆ ನೋಡುತ್ತಾ ನಿಂತೆ.

ಡಿಸ್ಚಾರ್ಜ್ ದಿನ ಡಾಕ್ಟರು "ಒಳ್ಳೆ ಸಪೋರ್ಟ್ ಇರಲಿ" ಎಂದರು. ಅಷ್ಟೇ. ಮಾತ್ರೆಗೆ ಚೀಟಿ ಇತ್ತು, ಹೊಲಿಗೆ ಬಿಚ್ಚುವುದಕ್ಕೆ ತಾರೀಖು ಇತ್ತು, ಸಪೋರ್ಟಿಗೆ ಮಾತ್ರ ಚೀಟಿ ಇರಲಿಲ್ಲ. ಭಾವ ಆಸ್ಪತ್ರೆ, ಮಾತ್ರೆ, ಕಾಗದಪತ್ರ ಎಲ್ಲ ಹೊತ್ತುಕೊಂಡಿದ್ದರು. ಹಾಗಾಗಿ ಸಪೋರ್ಟ್ ಹುಡುಕುವುದು ನನ್ನ ಪಾಲಿಗೆ ಬಂತು. ಯಾರೂ ವಹಿಸಿದ್ದಲ್ಲ, ಸುಮ್ನೆ ಕೂರಲಾಗದೆ ನಾನೇ ಮೈಮೇಲೆ ಎಳೆದುಕೊಂಡದ್ದು. ಒಂದು ವಾರದ ಕೆಲಸ ಅಂದುಕೊಂಡೆ. ಎಂಟು ತಿಂಗಳು ಹಿಡಿಯಿತು.

ಹಿಂದಿನದನ್ನು ಬೇಗ ಹೇಳಿ ಮುಗಿಸುತ್ತೇನೆ. ಪಾಠ ಮಾಡುತ್ತಿದ್ದಾಗ ಅಕ್ಕನ ಮಾತು ಎರಡು ನಿಮಿಷ ನಿಂತುಹೋಗಿತ್ತು. ಕೈಯಲ್ಲಿ ಚಾಕ್ ಹಾಗೇ ಇತ್ತು. ಸುಸ್ತು ಅಂದುಕೊಂಡಳು. ಮೂರನೇ ಸಲ ಹಾಗಾದಾಗ ಬಲಗೈಯೂ ಅದುರಿತು. ಅದು ಫಿಟ್ಸ್ ಎಂದು ನಮಗೆ ಹೊಳೆದಿರಲೇ ಇಲ್ಲ. ಫಿಟ್ಸ್ ಎಂದರೆ ನೆಲಕ್ಕೆ ಬಿದ್ದು ಒದ್ದಾಡುವುದು ಎಂದಷ್ಟೇ ನಮ್ಮ ತಿಳುವಳಿಕೆ. ಎಂಆರ್‌ಐಯಲ್ಲಿ ಎಡಭಾಗದ ಮುಂದಿನ ಮೆದುಳಿನಲ್ಲಿ ಗಡ್ಡೆ ಕಾಣಿಸಿತು. ಮಾತಿನ ಜಾಗ ಹತ್ತಿರವಿದ್ದದ್ದರಿಂದ ಎಚ್ಚರವಿಟ್ಟೇ ಆಪರೇಷನ್ ಮಾಡಿದರು. ಒಬ್ಬರು ಚಿತ್ರ ತೋರಿಸುತ್ತಾ ಹೋಗುವುದು, ಅಕ್ಕ ಹೆಸರು ಹೇಳುತ್ತಾ ಹೋಗುವುದು. ಎಲ್ಲಿ ಮಾತು ತಡವರಿಸುತ್ತದೋ ಅಲ್ಲಿ ಕತ್ತರಿ ನಿಲ್ಲಬೇಕು. ಬಯಾಪ್ಸಿಯಲ್ಲಿ ಬಂದ ಹೆಸರು ಆಲಿಗೋಡೆಂಡ್ರೋಗ್ಲಿಯೋಮಾ, ಗ್ರೇಡ್ 3. ಆ ಹೆಸರು ನನ್ನ ನಾಲಿಗೆಗೆ ಹೊಂದಲು ಮೂರು ದಿನ ಬೇಕಾಯಿತು. ಆಮೇಲೆ 33 ಸಲ ರೇಡಿಯೇಷನ್, ಅದಾದ ಮೇಲೆ ಟೆಮೊಜೊಲೊಮೈಡ್ ಎಂಬ ಕೀಮೋ ಕ್ಯಾಪ್ಸೂಲ್.

ಸಪೋರ್ಟ್ ಎಂದರೆ ನೆಂಟರಿಷ್ಟರು ಅಂತ ಮೊದಲು ಅಂದುಕೊಂಡಿದ್ದೆ. ಅವರಿಗೇನೂ ಕೊರತೆ ಇರಲಿಲ್ಲ. ಎಲ್ಲರೂ "ಧೈರ್ಯವಾಗಿರಿ" ಎಂದರು. "ಏನಾದ್ರೂ ಬೇಕಿದ್ರೆ ಹೇಳಿ" ಎಂದರು. ನಮಗೆ ಏನು ಬೇಕು ಎಂದು ನಮಗೇ ಗೊತ್ತಿದ್ದರೆ ತಾನೇ ಹೇಳುವುದು! ಒಬ್ಬರು ಮಾತ್ರ ಬೇರೆ ಥರ ಇದ್ದರು. ಅಕ್ಕನ ಸ್ಕೂಲಿನ ಸೈನ್ಸ್ ಮೇಡಂ. "ನಾನು ಮಂಗಳವಾರ ಸಂಜೆ ನಾಲ್ಕರಿಂದ ಆರು ಇಲ್ಲಿರ್ತೀನಿ. ಫಿಟ್ಸ್ ಬಂದರೆ ಏನು ಮಾಡಬೇಕು ಹೇಳಿಕೊಡಿ" ಎಂದರು. ಕಲಿತುಕೊಂಡರು. ಪಕ್ಕಕ್ಕೆ ಮಲಗಿಸಬೇಕು, ಬಾಯಿಗೆ ಏನೂ ತುರುಕಬಾರದು, ಗಡಿಯಾರ ನೋಡಬೇಕು, ಐದು ನಿಮಿಷ ದಾಟಿದರೆ ಆಂಬುಲೆನ್ಸ್ ಕರೆಯಬೇಕು. ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ತಮ್ಮ ಪರ್ಸಿನಲ್ಲಿಟ್ಟುಕೊಂಡರು. ಅಕ್ಕನನ್ನು ಒಬ್ಬಳೇ ಬಿಡುವ ಹಾಗಿರಲಿಲ್ಲ. ಭಾವನಿಗೆ ವಾರದಲ್ಲಿ ಸಿಕ್ಕ ಬಿಡುವೆಂದರೆ ಆ ಎರಡು ಗಂಟೆ. ಅವರು ಆ ಹೊತ್ತಿನಲ್ಲಿ ಏನು ಮಾಡುತ್ತಿದ್ದರು ಗೊತ್ತಾ? ಕಾರಿನಲ್ಲಿ ಕೂತು ನಿದ್ದೆ.

ನಾನು ಮೊದಲು ಹಿಡಿದದ್ದು ಒಂದು ಕ್ಯಾನ್ಸರ್ ಸಪೋರ್ಟ್ ಗುಂಪು. ಗುಂಡಾಗಿ ಹಾಕಿದ ಕುರ್ಚಿಗಳು, ಹತ್ತು ಹದಿನೈದು ಜನ. ಎಲ್ಲರೂ ಒಳ್ಳೆಯವರು, ಇದನ್ನು ಮೊದಲೇ ಹೇಳಿಬಿಡಬೇಕು. ಒಬ್ಬರು ಪ್ರೀತಿಯಿಂದಲೇ "ಯಾವ ಸ್ಟೇಜ್ ನಿಮ್ದು?" ಎಂದರು. ಅಕ್ಕ ನನ್ನ ಮುಖ ನೋಡಿದಳು. ಮೆದುಳಿನಲ್ಲೇ ಹುಟ್ಟುವ ಗಡ್ಡೆಗಳು ಮೈಯ ಬೇರೆ ಭಾಗಕ್ಕೆ ಹರಡುವುದು ತೀರಾ ಅಪರೂಪ. ಅದಕ್ಕೇ ಅವಕ್ಕೆ ಸ್ಟೇಜ್ ಇಲ್ಲ, 1ರಿಂದ 4ರವರೆಗೆ ಗ್ರೇಡ್ ಇದೆ. ಅದನ್ನು ನಾನು ವಿವರಿಸಿದೆ. ನಾನು ವಿವರಿಸುತ್ತಿದ್ದಷ್ಟು ಹೊತ್ತೂ ಅಕ್ಕ ನೆಲ ನೋಡುತ್ತಿದ್ದಳು. ತನ್ನ ಕಾಯಿಲೆಯನ್ನು ತಮ್ಮ ಪಾಠ ಮಾಡುವುದನ್ನು ಕೇಳಿಸಿಕೊಳ್ಳುವುದು ಅವಳಿಗೆ ಹೇಗಿದ್ದಿರಬೇಕು ಅಂತ ಆಗ ತಲೆಗೆ ಹೋಗಲಿಲ್ಲ.

ಅಲ್ಲಿ ಕೂದಲು ಉದುರುವ ಮಾತು ಬಂತು, ಕೀಮೋ ವಾಂತಿಯ ಮಾತು ಬಂತು, ಕೆಲಸಕ್ಕೆ ಮರಳುವ ಮಾತು ಬಂತು. ಫಿಟ್ಸ್ ಬರುತ್ತದೆಂದು ಕಾರಿನ ಕೀ ಕೊಟ್ಟುಬಿಡಬೇಕಾದವರು ಅಲ್ಲಿ ಯಾರೂ ಇರಲಿಲ್ಲ. ಗಂಡ ನೋಡುತ್ತಿದ್ದ ಹಾಗೇ ಸ್ವಭಾವ ಬದಲಾದವರು ಯಾರೂ ಇರಲಿಲ್ಲ. ಕೊನೆಗೆ ಒಬ್ಬರು ಅಕ್ಕನ ಕೈ ಹಿಡಿದು "ಮನಸ್ಸು ಗಟ್ಟಿ ಇಟ್ಕೊಳ್ಳಿ, ಎಲ್ಲ ಅದರಲ್ಲೇ ಇರೋದು" ಎಂದರು.

ವಾಪಸು ಬರುವಾಗ ಅಕ್ಕ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಒಂದೊಂದೇ ಪದ ಹುಡುಕಿ ಹೇಳಿದಳು: "ಮನಸ್ಸು... ಇರೋ ಜಾಗದಲ್ಲೇ... ತಾನೇ ಗಡ್ಡೆ." ಹೇಳಿ ತಾನೇ ನಕ್ಕಳು. ಆಪರೇಷನ್ ಆದ ಮೇಲೆ ಅವಳಿಂದ ಬಂದ ಮೊದಲ ಜೋಕ್ ಅದು.

ಆ ಗುಂಪಿನಿಂದ ಒಂದು ಉಪಕಾರವಂತೂ ಆಯಿತು. ಬಾಗಿಲ ಹತ್ತಿರ ಒಬ್ಬ ಹಿರಿಯರು ನನ್ನನ್ನು ನಿಲ್ಲಿಸಿ, "ಮೆದುಳಿನದಕ್ಕೇ ಅಂತ ಬೇರೆ ಗುಂಪುಗಳಿವೆಯಪ್ಪ, ಅದನ್ನ ಹುಡುಕು. ಆಸ್ಪತ್ರೆಯ ಸೋಷಿಯಲ್ ವರ್ಕರ್ ಕೇಳಿದ್ಯಾ?" ಎಂದರು. ಕೇಳಿರಲಿಲ್ಲ. ಹಾಗೊಬ್ಬರು ಇರುತ್ತಾರೆ ಎಂದೇ ಗೊತ್ತಿರಲಿಲ್ಲ. ಮರುದಿನ ಹೋಗಿ ನೋಡಿದರೆ ಅಕ್ಕ ಎರಡು ವಾರ ಮಲಗಿದ್ದ ವಾರ್ಡಿನಿಂದ ಎರಡೇ ಮಹಡಿ ಕೆಳಗೆ ಅವರ ಕೋಣೆ. ಸಿಟ್ಟು ಬಂತು. ಡಿಸ್ಚಾರ್ಜ್ ಚೀಟಿಯಲ್ಲಿ ಒಂದು ಸಾಲು ಬರೆದಿದ್ದರೆ ನಮಗೆ ಎರಡು ತಿಂಗಳು ಉಳಿಯುತ್ತಿತ್ತು. ಆದರೆ ಆ ಸಿಟ್ಟನ್ನು ಆ ಸೋಷಿಯಲ್ ವರ್ಕರ್ ಮೇಲೆ ತೋರಿಸುವುದು ಸರಿಯಲ್ಲ ಅಲ್ವಾ. ಆಕೆ ಪಾಪ, ರಜೆಯ ಅರ್ಜಿ, ವಿಮೆಯ ಫಾರಂ, ಸ್ಕೂಲಿಗೆ ಬರೆಯಬೇಕಾದ ಪತ್ರ ಎಲ್ಲವನ್ನೂ ಒಂದೇ ಬೆಳಿಗ್ಗೆ ಕೂತು ಮಾಡಿಕೊಟ್ಟರು. ಇಂಟರ್‌ನ್ಯಾಷನಲ್ ಬ್ರೈನ್ ಟ್ಯೂಮರ್ ಅಲಯನ್ಸ್ ಅಂತ 2005ರಲ್ಲಿ ಶುರುವಾದ ಒಂದು ಒಕ್ಕೂಟ ಇದೆ, ಯಾವ ದೇಶದಲ್ಲಿ ಯಾವ ಸಂಘಟನೆ ಇದೆ ಎಂಬ ಪಟ್ಟಿ ಅವರಲ್ಲಿ ಸಿಗುತ್ತದೆ ಅಂತ ಹೇಳಿದ್ದೂ ಅವರೇ.

ಆ ಪಟ್ಟಿ ಹಿಡಿದುಕೊಂಡು ಎರಡನೇ ಗುಂಪಿಗೆ ಸೇರಿದೆವು. ಇದು ವಿಡಿಯೋ ಕಾಲ್ ಗುಂಪು. ಈ ಸಲ ಸರಿಯಾದ ಜಾಗ ಸಿಕ್ಕಿತು ಅಂತ ನಾನು ಬೀಗಿದ್ದೆ. ಪರದೆ ಮೇಲೆ ಹನ್ನೆರಡು ಮುಖ, ಎಲ್ಲರಿಗೂ ಮೆದುಳಿನ ಗಡ್ಡೆ. ಅಕ್ಕ ಇಪ್ಪತ್ತು ನಿಮಿಷದಲ್ಲಿ ಲ್ಯಾಪ್‌ಟಾಪ್ ಮುಚ್ಚಿ ಎದ್ದುಹೋದಳು. ಇಬ್ಬರು ಒಟ್ಟಿಗೆ ಮಾತಾಡಿದರೆ ಅವಳಿಗೆ ಒಬ್ಬರದೂ ಅರ್ಥವಾಗುತ್ತಿರಲಿಲ್ಲ. ಅವಳ ಸರದಿ ಬಂದಾಗ ಪದ ಹುಡುಕುತ್ತಿದ್ದಳು. ಆ ಮೌನ ತಡೆಯಲಾಗದೆ ಯಾರೋ ಒಬ್ಬರು ವಾಕ್ಯ ಮುಗಿಸಿಕೊಟ್ಟರು. ಅದೂ ತಪ್ಪಾಗಿ. ಇನ್ನೊಂದೆಂದರೆ, ಅಲ್ಲಿದ್ದ ಬಹಳಷ್ಟು ಜನರಿಗೆ ಇದ್ದದ್ದು ಗ್ಲಿಯೋಬ್ಲಾಸ್ಟೋಮಾ. ಅದು ಗ್ರೇಡ್ 4, ಬೇಗ ಬೆಳೆಯುವಂಥದ್ದು. ಮೆದುಳಿನ ಗಡ್ಡೆಗಳಲ್ಲಿ ನೂರಕ್ಕೂ ಹೆಚ್ಚು ಬಗೆ ಇವೆ. ಒಂದರ ಲೆಕ್ಕ ಇನ್ನೊಂದಕ್ಕೆ ಹೊಂದುವುದಿಲ್ಲ. ಇದು ನನಗೆ ಓದಿ ಗೊತ್ತಿತ್ತು. ಆದರೆ ಒಬ್ಬರು ತಮ್ಮ ಮಗಳ ಮದುವೆಯ ತಾರೀಖನ್ನು ಯಾಕೆ ಹಿಂದಕ್ಕೆ ತಂದೆವು ಎಂದು ಹೇಳುತ್ತಿದ್ದಾಗ ಅದನ್ನು ಅಕ್ಕನ ಕಿವಿಯಲ್ಲಿ ಹೇಳಲಾಗುತ್ತದೆಯೇ?

ಅವತ್ತು ರಾತ್ರಿ ಭಾವ ನನ್ನನ್ನು ಬಾಲ್ಕನಿಗೆ ಕರೆದು, "ಇನ್ನು ಸಾಕು ಬಿಡು. ನಾವು ನಾವೇ ನೋಡ್ಕೋತೀವಿ" ಎಂದರು. ನಾನೂ ಬಿಟ್ಟುಬಿಡುವವನೇ ಇದ್ದೆ.

ಮರುದಿನ ಆ ಗುಂಪು ನಡೆಸುವವರು ತಾವಾಗಿ ಫೋನ್ ಮಾಡಿದರು. ಹಿಂದೆ ನರರೋಗದ ವಾರ್ಡಿನಲ್ಲಿ ನರ್ಸ್ ಆಗಿದ್ದವರು. "ನಿಮ್ಮ ಅಕ್ಕ ಎದ್ದುಹೋಗಿದ್ದು ನೋಡಿದೆ. ತಪ್ಪು ನಂದು, ಮೊದಲೇ ನಿಮ್ಮ ಹತ್ತಿರ ಮಾತಾಡಬೇಕಿತ್ತು" ಎಂದರು. ಆಮೇಲೆ ಪ್ರಶ್ನೆ ಕೇಳುತ್ತಾ ಹೋದರು. ಗಡ್ಡೆ ಯಾವ ಕಡೆ? ಕಷ್ಟ ಆಗ್ತಿರೋದು ಮಾತಾಡೋದಾ, ಅರ್ಥ ಮಾಡ್ಕೊಳ್ಳೋದಾ, ಓದೋದಾ? ದಿನದಲ್ಲಿ ಯಾವ ಹೊತ್ತು ಚೆನ್ನಾಗಿರ್ತಾರೆ? ಎಷ್ಟು ನಿಮಿಷಕ್ಕೆ ಸುಸ್ತಾಗುತ್ತೆ? ನಾನು ಹೇಳುತ್ತಾ ಹೋದೆ. ಕೊನೆಗೆ ಕೇಳಿದರು: "ಸಪೋರ್ಟ್ ಹುಡುಕ್ತಿದೀನಿ ಅಂತೀರಿ. ಯಾರಿಗೆ? ಅಕ್ಕನಿಗಾ, ಅವರ ಯಜಮಾನರಿಗಾ, ನಿಮಗಾ?"

ನಾನು ಸುಮ್ಮನಾದೆ. ಎಲ್ಲರಿಗೂ ಸೇರಿ ಒಂದು ಕೋಣೆ ಹುಡುಕುತ್ತಿದ್ದೆ ನಾನು. ಮೂವರನ್ನೂ ಒಂದೇ ಬಾಗಿಲಿನಿಂದ ಒಳಗೆ ನೂಕಲು ನೋಡುತ್ತಿದ್ದೆ. ಅಕ್ಕನ ಎದುರು ಭಾವ ಬಾಯಿ ಬಿಡುವವರಲ್ಲ. ಭಾವನ ಎದುರು ಅಕ್ಕ ಅಳುವವಳಲ್ಲ. ಒಂದೇ ಸಭೆಯಲ್ಲಿ ಅಕ್ಕಪಕ್ಕ ಕೂರಿಸಿದರೆ ಇಬ್ಬರೂ ಒಬ್ಬರನ್ನೊಬ್ಬರು ಕಾಪಾಡುತ್ತಾ ಕೂತಿರುತ್ತಾರೆ, ಇಬ್ಬರಿಗೂ ಏನೂ ಸಿಗುವುದಿಲ್ಲ. ಇಷ್ಟು ಸಣ್ಣ ವಿಷಯ ಹೊಳೆಯಲು ನನಗೆ ಮೂರು ತಿಂಗಳು ಮತ್ತು ಗುರುತಿಲ್ಲದ ಒಬ್ಬರ ಫೋನ್ ಬೇಕಾಯಿತು.

ಮೊದಲು ಭಾವನ ಕಥೆ ಹೇಳುತ್ತೇನೆ, ಅದೇ ಮೊದಲು ನಡೆದದ್ದು.

ರೇಡಿಯೇಷನ್ ವಿಭಾಗದಲ್ಲಿ ಒಂದು ದಿನ ನರ್ಸ್ ಅಕ್ಕನ ಕೈಗೆ ಒಂದು ಹಾಳೆ ಕೊಟ್ಟರು. ಅದರ ಮೇಲೆ ಜ್ವರ ನೋಡುವ ಥರ್ಮಾಮೀಟರಿನ ಚಿತ್ರ, ಕೆಳಗಿನಿಂದ ಮೇಲಕ್ಕೆ 0ಯಿಂದ 10. ಈ ವಾರ ಮನಸ್ಸಿಗೆ ಎಷ್ಟು ಸಂಕಟ ಆಯಿತು ಅಂತ ಗೀಟು ಹಾಕಬೇಕು. ಪಕ್ಕದಲ್ಲಿ ನಿದ್ದೆ, ನೋವು, ಹಣ, ಮಕ್ಕಳು, ಭಯ ಅಂತ ಟಿಕ್ ಮಾಡುವ ಪಟ್ಟಿ. 4 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಯಾರಾದರೂ ಕೂತು ಮಾತಾಡಬೇಕು ಎಂಬುದು ಲೆಕ್ಕ. ಚಿತ್ರ ಇದ್ದದ್ದರಿಂದ ಅಕ್ಕನಿಗೆ ಪದ ಬೇಕಾಗಲಿಲ್ಲ. 4ರ ಮೇಲೆ ಗೀಟು ಹಾಕಿ ಕೊಟ್ಟಳು. ನರ್ಸ್ ಅದನ್ನು ನೋಡಿ, ಆಮೇಲೆ ಭಾವನನ್ನು ನೋಡಿ, ಇನ್ನೊಂದು ಹಾಳೆ ತೆಗೆದು ಅವರ ಕೈಗಿಟ್ಟರು. "ಇದು ಪೇಷಂಟ್‌ಗೆ ಅಲ್ವಾ?" ಎಂದರು ಭಾವ. "ನೀವೂ ಒಂದು ಹಾಕಿ, ನಾನೇನೂ ಫೈಲಿಗೆ ಸೇರಿಸಲ್ಲ" ಎಂದರು ಆಕೆ.

ಭಾವ ಪೆನ್ನು ಹಿಡಿದುಕೊಂಡು ತುಂಬಾ ಹೊತ್ತು ಕೂತಿದ್ದರು. 9ಕ್ಕೆ ಹಾಕಿದರು. ಅಕ್ಕ ಆ ಹಾಳೆ ನೋಡಿದಳು, ಅವರ ಮುಖ ನೋಡಿದಳು, ಮತ್ತೆ ಹಾಳೆ ನೋಡಿದಳು. ಅಷ್ಟರಲ್ಲಿ ಒಳಗೆ ಕರೆದರು. ಅಕ್ಕ ಎದ್ದು ಹೋದಳು. ಅಲ್ಲಿ ಅವಳ ಮುಖದ ಅಚ್ಚಿನ ಮಾಸ್ಕ್ ಕಾದಿತ್ತು. ಬಿಸಿನೀರಿನಲ್ಲಿ ಮೆತ್ತಗಾಗಿಸಿ ಮುಖದ ಮೇಲೆ ಎಳೆದು ಮಾಡುವ ಬಲೆಯಂಥ ಪ್ಲಾಸ್ಟಿಕ್. ತಲೆ ಒಂದಿಷ್ಟೂ ಅಲ್ಲಾಡದ ಹಾಗೆ ಅದನ್ನು ಮೇಜಿಗೆ ಸಿಕ್ಕಿಸುತ್ತಾರೆ. ಆ ಮಾಸ್ಕ್ ಒಳಗೆ ಆ ಹತ್ತು ನಿಮಿಷ ಏನು ಯೋಚಿಸಿದಳೋ, ಹೊರಗೆ ಬಂದವಳೇ ಭಾವನಿಗೆ "ನೀವು ಹೋಗಿ" ಎಂದಳು. "ಎಲ್ಲಿಗೆ?" ಎಂದರು. "ಅವರ... ಆ... ನಿಮ್ಮವರ ಹತ್ತಿರ."

ನೋಡಿಕೊಳ್ಳುವವರಿಗೇ ಅಂತ ಬೇರೆ ಸಭೆ ಇತ್ತು, ತಿಂಗಳಿಗೆ ಎರಡು ಸಲ. ಭಾವ ಮೊದಲ ಸಲ ಹೋಗಿ ಮೂಲೆಯಲ್ಲಿ ಕೂತು ಬಂದರಂತೆ. ಎರಡನೇ ಸಲ ಒಂದು ಮಾತು ಹೇಳಿದರಂತೆ: "ಅವಳು ಈಗ ಯಾವಾಗಲೂ ಸಿಡುಕ್ತಾಳೆ. ಇಪ್ಪತ್ತು ವರ್ಷದಲ್ಲಿ ಹೀಗಿರಲಿಲ್ಲ. ಗಡ್ಡೆ ಅವಳನ್ನ ಬದಲಾಯಿಸಿಬಿಡ್ತು." ಎದುರಿಗೆ ಕೂತಿದ್ದ ಒಬ್ಬ ಹೆಂಗಸು ಸಮಾಧಾನ ಹೇಳಲಿಲ್ಲ. "ಫಿಟ್ಸ್‌ಗೆ ಯಾವ ಮಾತ್ರೆ? ಯಾವತ್ತಿಂದ?" ಎಂದು ಕೇಳಿದರು. ಲೆವೆಟಿರಾಸೆಟಮ್. ಜೊತೆಗೆ ಮೆದುಳಿನ ಊತಕ್ಕೆ ಡೆಕ್ಸಾಮೆಥಾಸೋನ್. "ಎರಡೂ ಹಾಗೆ ಮಾಡಬಹುದು. ನೀವಾಗಿ ನಿಲ್ಲಿಸಬೇಡಿ. ಸಿಟ್ಟು ಬಂದ ದಿನ, ಹೊತ್ತು ಬರೆದುಕೊಂಡು ಹೋಗಿ ಡಾಕ್ಟರಿಗೆ ತೋರಿಸಿ" ಎಂದರು.

ಭಾವ ಬರೆದರು. ಎರಡು ವಾರದ ಪಟ್ಟಿ ತೆಗೆದುಕೊಂಡು ಹೋದರು. ಡಾಕ್ಟರು ನೋಡಿ, ಡೆಕ್ಸಾಮೆಥಾಸೋನ್ ಹಂತ ಹಂತವಾಗಿ ಇಳಿಸಿದರು, ಫಿಟ್ಸ್ ಮಾತ್ರೆಯನ್ನೂ ನಿಧಾನವಾಗಿ ಬದಲಿಸಿದರು. ಎರಡನ್ನೂ ದಿಢೀರ್ ನಿಲ್ಲಿಸುವುದು ಅಪಾಯ. ಒಂದೂವರೆ ತಿಂಗಳಲ್ಲಿ ಅಕ್ಕ ಮುಕ್ಕಾಲು ಪಾಲು ಮೊದಲಿನಂತಾದಳು. ಉಳಿದ ಕಾಲು ಪಾಲು ಗಡ್ಡೆಯದೋ, ಆಪರೇಷನ್ನಿನದೋ, ಸುಮ್ನೆ ನಲವತ್ತೇಳರ ವಯಸ್ಸಿನದೋ ಯಾರಿಗೆ ಗೊತ್ತು. ಡಾಕ್ಟರಿಗೆ ಆ ಮಾತ್ರೆಗಳ ಗುಣ ಗೊತ್ತಿರಲಿಲ್ಲ ಅಂತಲ್ಲ. ಮನೆಯಲ್ಲಿ ಏನಾಗುತ್ತಿದೆ ಎಂದು ನಾವು ಹೇಳಿರಲಿಲ್ಲ. ಹೆಂಡತಿ ಸಿಡುಕುತ್ತಾಳೆ ಎಂದು ಡಾಕ್ಟರಿಗೆ ಹೇಳುವುದು ದೂರು ಕೊಟ್ಟ ಹಾಗಾಗುತ್ತದೆ ಅಂತ ಭಾವ ನುಂಗಿಕೊಂಡಿದ್ದರು.

ಅಂದಿನಿಂದ ಅವರು ಒಂದು ಸಭೆಯನ್ನೂ ತಪ್ಪಿಸಿಲ್ಲ. "ಅಲ್ಲಿ ಏನು ಮಾತಾಡ್ತೀರಿ?" ಎಂದು ಅಕ್ಕ ಒಮ್ಮೆ ಕೇಳಿದಳು. "ನಿಮ್ಮನ್ನೆಲ್ಲ ಬೈತೀವಿ" ಎಂದರು. ಅಕ್ಕನಿಗೆ ಖುಷಿಯಾಯಿತು.

ಇನ್ನು ಅಕ್ಕನದು. ಸ್ಪೀಚ್ ಥೆರಪಿಸ್ಟ್ ಮತ್ತು ಮೆದುಳಿಗೆ ಪೆಟ್ಟಾದರೆ ಯೋಚನೆ, ನಡವಳಿಕೆ ಹೇಗೆ ಬದಲಾಗುತ್ತದೆ ಎಂದು ನೋಡುವ ನ್ಯೂರೋಸೈಕಾಲಜಿಸ್ಟ್ ಇಬ್ಬರನ್ನೂ ನಾವು ಚಿಕಿತ್ಸೆ ಅಂತಲೇ ಎಣಿಸಿದ್ದೆವು, ಸಪೋರ್ಟ್ ಅಂತಲ್ಲ. ಈಗ ಅನಿಸುತ್ತದೆ, ಅಕ್ಕನಿಗೆ ಸಿಕ್ಕ ಮೊದಲ ಆಸರೆ ಅವರೇ. ಅವಳು ಬೆಳಿಗ್ಗೆ ಎದ್ದು ಮಂಚದ ಅಂಚಿನಲ್ಲಿ ಕೂತರೆ ಒಂದು ಗಂಟೆ ಹಾಗೇ ಕೂತಿರುತ್ತಿದ್ದಳು. ಸ್ನಾನಕ್ಕೆ ಹೋಗಬೇಕು ಎಂದು ಗೊತ್ತು, ಏಳಲು ಆಗುತ್ತಿರಲಿಲ್ಲ. ನಾವೆಲ್ಲ ಬೇಜಾರು, ಡಿಪ್ರೆಷನ್ ಎಂದುಕೊಂಡೆವು. ನನ್ನ ಮನಸ್ಸಿನ ಮೂಲೆಯಲ್ಲಿ ಸೋಮಾರಿತನ ಎಂಬ ಪದವೂ ಬಂದುಹೋಗಿತ್ತು. ಮುಂದಿನ ಮೆದುಳು ಕೆಲಸ ಶುರು ಮಾಡಿಸುವ ಜಾಗ, ಅಲ್ಲಿ ಪೆಟ್ಟಾದರೆ ಮನಸ್ಸಿದ್ದರೂ ಶುರು ಆಗುವುದಿಲ್ಲ ಎಂದು ನ್ಯೂರೋಸೈಕಾಲಜಿಸ್ಟ್ ವಿವರಿಸಿದಾಗ ಅಕ್ಕ ಅತ್ತಳು. ಬೇಸರಕ್ಕಲ್ಲ. "ನಾನು ಕೆಟ್ಟವಳಲ್ಲ" ಎಂದಳು. ಯಾರೂ ಹಾಗೆ ಹೇಳಿರಲಿಲ್ಲ. ಅವಳೇ ಹೇಳಿಕೊಂಡಿದ್ದಳು, ತಿಂಗಳುಗಟ್ಟಲೆ.

ಸ್ಪೀಚ್ ಥೆರಪಿಸ್ಟ್ ಒಂದು ಕಾರ್ಡ್ ಮಾಡಿಸಿದರು. ಅಂಗೈ ಅಗಲದ್ದು. "ನನಗೆ ಮೆದುಳಿನ ಗಡ್ಡೆ ಇದೆ. ನೀವು ಹೇಳುವುದು ನನಗೆ ಅರ್ಥವಾಗುತ್ತದೆ. ಉತ್ತರಕ್ಕೆ ಸ್ವಲ್ಪ ಹೊತ್ತು ಬೇಕು. ನನ್ನ ಪದವನ್ನು ನೀವು ಹೇಳಬೇಡಿ." ಕೊನೆಯ ಸಾಲು ಅಕ್ಕ ಸೇರಿಸಿದ್ದು. ಮೊದಲು ಆ ಕಾರ್ಡ್ ತೋರಿಸಿದ್ದು ನನಗೆ! ನಾನು ಅವಳ ವಾಕ್ಯ ಮುಗಿಸುವವರಲ್ಲಿ ಮೊದಲಿಗನಾಗಿದ್ದೆ.

ಗುಂಪು ನಡೆಸುತ್ತಿದ್ದ ಆ ಮೇಡಂ ಮಾತ್ರ ಹುಡುಕಾಟ ಬಿಟ್ಟಿರಲಿಲ್ಲ. ಎರಡು ತಿಂಗಳ ಮೇಲೆ ಫೋನ್ ಮಾಡಿ, "ಒಬ್ಬರು ಸಿಕ್ಕಿದಾರೆ" ಎಂದರು. ಅಕ್ಕನಿಗಿಂತ ಹತ್ತು ವರ್ಷ ದೊಡ್ಡವರು. ಅದೇ ಎಡಭಾಗ, ಅದೇ ಹೆಸರಿನ ಗಡ್ಡೆ, ಆಪರೇಷನ್ ಆಗಿ ಆರು ವರ್ಷ. ಅವರಿಗೂ ಮಾತು ನಿಧಾನ. ಗುಂಪು ಬೇಡ, ಇಬ್ಬರೇ ಫೋನಿನಲ್ಲಿ, ಬೆಳಿಗ್ಗೆ ಹತ್ತಕ್ಕೆ, ಇಪ್ಪತ್ತೇ ನಿಮಿಷ. ಒಂದೇ ನಿಯಮ: ಮೌನವಾದರೆ ಯಾರೂ ಗಾಬರಿಯಾಗಬಾರದು.

ಮೊದಲ ಕರೆಯ ದಿನ ನಾನು ಬಾಗಿಲ ಹೊರಗೆ ನಿಂತು ಕದ್ದು ಕೇಳಿದೆ. ಒಪ್ಪಿಕೊಳ್ಳುತ್ತೇನೆ. ಕೇಳುವುದಕ್ಕೆ ಏನೂ ಇರಲಿಲ್ಲ. ಅಕ್ಕ ಒಂದು ಪದ ಹೇಳುವುದು, ಅರ್ಧ ನಿಮಿಷ ಸದ್ದಿಲ್ಲ. ಮತ್ತೆ ಎರಡು ಪದ. ಲೈನ್ ಕಟ್ಟಾಗಿರಬೇಕು ಅಂತ ನಾನು ಎರಡು ಸಲ ಒಳಗೆ ಹೋಗಲು ಹೊರಟೆ. ಆಮೇಲೆ ಅಕ್ಕ ನಗುವುದು ಕೇಳಿಸಿತು. ಹೊಟ್ಟೆ ಹಿಡಿದುಕೊಂಡು ನಗುವ ನಗು. ಆಚೆಯವರು ಏನೋ ಪದ ಹುಡುಕಿ, ಸಿಗದೆ, ಅದರ ಬದಲು ಏನೋ ಎಡವಟ್ಟು ಪದ ಹೇಳಿದ್ದರಂತೆ. ಯಾವ ಪದ ಎಂದು ಕೇಳಿದೆ. "ನಿನಗೆ ಹೇಳಲ್ಲ" ಎಂದಳು.

ಎರಡನೇ ಕರೆಯಲ್ಲಿ ಆಕೆ ಕೊಟ್ಟ ಒಂದು ಮಾಹಿತಿ ನಮ್ಮನ್ನು ಒಂದು ದೊಡ್ಡ ಗುಂಡಿಯಿಂದ ಉಳಿಸಿತು. ರೇಡಿಯೇಷನ್ ಮುಗಿದ ಮೇಲಿನ ಮೊದಲ ಎಂಆರ್‌ಐ ಕೆಲವರಲ್ಲಿ ಮೊದಲಿಗಿಂತ ಕೆಟ್ಟದಾಗಿ ಕಾಣಬಹುದು. ಗಡ್ಡೆ ಬೆಳೆದಿರುವುದಿಲ್ಲ, ಚಿಕಿತ್ಸೆಯಿಂದಾದ ಊತ ಹಾಗೆ ಕಾಣುತ್ತದೆ. ಅದಕ್ಕೆ ಸ್ಯೂಡೋಪ್ರೋಗ್ರೆಷನ್ ಅನ್ನುತ್ತಾರೆ. "ಹಾಗೆ ಬಂದರೆ, ಇದು ಅದಾ ಅಂತ ಕೇಳಿ" ಎಂದು ಆಕೆ ಹೇಳಿ, ಆ ಪದವನ್ನು ಅಕ್ಕನಿಂದ ಬರೆಸಿದ್ದರು. ಮೂರು ವಾರದ ಮೇಲೆ ನಮ್ಮ ರಿಪೋರ್ಟ್ ಹಾಗೇ ಬಂತು. ಭಾವನ ಕೈ ನಡುಗುತ್ತಿತ್ತು. ಅಕ್ಕ ತನ್ನ ನೋಟ್‌ಬುಕ್ ತೆಗೆದು ಆ ಪುಟವನ್ನು ಡಾಕ್ಟರ ಮೇಜಿನ ಮೇಲಿಟ್ಟಳು. ಡಾಕ್ಟರು ಓದಿ, ತಲೆ ಎತ್ತಿ ನೋಡಿ, "ಹೌದು, ನನಗೂ ಅದೇ ಅನುಮಾನ. ಆರು ವಾರ ಬಿಟ್ಟು ಮತ್ತೆ ತೆಗೆಯೋಣ" ಎಂದರು. ಆ ಆರು ವಾರ ಹೇಗೆ ಕಳೆಯಿತು ಎಂದು ಬರೆಯುವುದಿಲ್ಲ. ಎರಡನೇ ಸಲ ಊತ ಇಳಿದಿತ್ತು.

ಅದೇ ಹೊತ್ತಿಗೆ ಪ್ಯಾಲಿಯೇಟಿವ್ ಕೇರ್ ವಿಭಾಗಕ್ಕೆ ಹೋಗಿ ಬನ್ನಿ ಎಂದು ಚೀಟಿ ಬರೆದುಕೊಟ್ಟರು. ಚೀಟಿ ನೋಡಿ ಭಾವ ಮಾತೇ ಬಿಟ್ಟರು. ನಮ್ಮ ಪ್ರಕಾರ ಅದು ಕೊನೆಯ ದಿನಗಳ ಬಾಗಿಲು. ಅಲ್ಲಿನ ಡಾಕ್ಟರು ಮೊದಲ ಮಾತಿಗೇ ಅದನ್ನು ತಿದ್ದಿದರು. ಚಿಕಿತ್ಸೆ ನಡೆಯುತ್ತಿರುವಾಗಲೇ ತಲೆನೋವು, ಸುಸ್ತು, ನಿದ್ದೆ ಇವನ್ನು ನೋಡಿಕೊಳ್ಳುವುದೂ ಅವರ ಕೆಲಸ. ಅಕ್ಕ ತಾನು ಯಾವ ಚಿಕಿತ್ಸೆಗೆ ಒಪ್ಪುತ್ತಾಳೆ, ಯಾವುದು ಬೇಡ ಎಂಬುದನ್ನು ಮಾತು ಇರುವಾಗಲೇ ಹೇಳಿಡಲಿ ಎಂದೂ ಅವರೇ ಹೇಳಿದರು. ಮಾತೇ ಹೋಗಬಹುದಾದ ಕಾಯಿಲೆಯಲ್ಲಿ ಇದನ್ನು ಯಾರೂ ಮೊದಲು ಎತ್ತಲಿಲ್ಲವಲ್ಲ ಅಂತ ನನಗೆ ಇವತ್ತಿಗೂ ಆಶ್ಚರ್ಯ. ಅಕ್ಕ ನಾಲ್ಕು ದಿನ ತೆಗೆದುಕೊಂಡು ಒಂದು ಪುಟ ಬರೆದಳು. ಅದರಲ್ಲಿ ಏನಿದೆ ಎಂದು ಭಾವನಿಗೆ ಗೊತ್ತು, ನನಗೆ ಗೊತ್ತು. ಇಲ್ಲಿ ಬೇಡ.

ಜೂನ್ 8 ವಿಶ್ವ ಮೆದುಳು ಗಡ್ಡೆ ದಿನ. ಜರ್ಮನಿಯ ಒಂದು ಸಂಘಟನೆ 2000ರಲ್ಲಿ ಶುರು ಮಾಡಿದ್ದು. ಆ ದಿನ ದೊಡ್ಡ ಗುಂಪಿನವರು ಎಲ್ಲರನ್ನೂ ಮತ್ತೆ ವಿಡಿಯೋ ಕಾಲಿಗೆ ಕರೆದರು. ಅಕ್ಕ ಹೋಗುತ್ತೇನೆ ಎಂದಳು. ಈ ಸಲ ಮೈಕ್ ಒಬ್ಬರಿಗೆ ಮಾತ್ರ, ಉಳಿದವರದು ಬಂದ್. ಮಗಳ ಮದುವೆಯ ಮಾತಾಡಿದ್ದವರ ಮುಖ ಅಲ್ಲಿರಲಿಲ್ಲ. ಮೇಡಂ ಸುತ್ತಿಬಳಸಲಿಲ್ಲ. ಅವರ ಹೆಸರು ಹೇಳಿ, ಏಪ್ರಿಲ್‌ನಲ್ಲಿ ತೀರಿಕೊಂಡರು, ಮದುವೆಯಲ್ಲಿ ಇದ್ದರು ಎಂದರು. ಅಕ್ಕ ಮೈಕ್ ಕೇಳಿದಳು. "ಹೆಸರು... ಇನ್ನೊಂದು ಸಲ" ಎಂದಳು. ಮೇಡಂ ಹೇಳಿದರು. ಅಕ್ಕ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು, ಅಕ್ಷರ ಸರಿಯಾಗಿದೆಯಾ ಎಂದು ಪುಟವನ್ನು ಕ್ಯಾಮೆರಾಕ್ಕೆ ಹಿಡಿದು ತೋರಿಸಿದಳು.

ನನ್ನ ಪಾಲಿನದು ಏನಾಯಿತು ಎಂದು ಕೇಳಬಹುದು. ನಾನು ಯಾವ ಗುಂಪಿಗೂ ಹೋಗಲಿಲ್ಲ. ಸೈನ್ಸ್ ಮೇಡಂ ಮಂಗಳವಾರ ಬಂದಾಗ ಅವರ ಜೊತೆ ಗೇಟಿನ ಹತ್ತಿರ ಕಾಲು ಗಂಟೆ ಮಾತಾಡುತ್ತೇನೆ. ಸದ್ಯಕ್ಕೆ ಸಾಕು ಅನಿಸಿದೆ. ಭಾವ ಒಪ್ಪುವುದಿಲ್ಲ. ಅವರಿಗೆ ಈಗ ಎಲ್ಲರನ್ನೂ ಸಭೆಗೆ ಎಳೆಯುವ ಹುಚ್ಚು.

ಹೋದ ತಿಂಗಳು ಗುಂಪು ನಡೆಸುವ ಮೇಡಂ ಮತ್ತೆ ಫೋನ್ ಮಾಡಿದ್ದರು, ಈ ಸಲ ನನಗಲ್ಲ, ನೇರ ಅಕ್ಕನಿಗೆ. ಹೊಸಬರೊಬ್ಬರಿದ್ದಾರೆ, ಆಪರೇಷನ್ ಆಗಿ ಮೂರು ವಾರ, ಎಡಭಾಗ, ಮಾತು ಬರುತ್ತಿಲ್ಲ, ನೀವು ಮಾತಾಡುತ್ತೀರಾ ಎಂದು. ಅಕ್ಕ ಎರಡು ದಿನ ಯೋಚಿಸಿದಳು. ಹೇಳಬೇಕಾದದ್ದನ್ನು ಹಾಳೆಯಲ್ಲಿ ಬರೆದುಕೊಂಡಳು, ಪಾಠದ ಟಿಪ್ಪಣಿ ಹಾಗೆ. ಹತ್ತು ಗಂಟೆಗೆ ಫೋನ್ ಬಂತು. ನಾನು ಈ ಸಲ ಬಾಗಿಲ ಹತ್ತಿರ ನಿಲ್ಲಲಿಲ್ಲ, ಹಾಲಿನಲ್ಲೇ ಕೂತಿದ್ದೆ. ಆದರೂ ಕೇಳಿಸಿತು. ತುಂಬಾ ಹೊತ್ತು ಏನೂ ಇಲ್ಲ. ಆಚೆಯವರು ಏನು ಕೇಳಿದರೋ, ಅಕ್ಕ ನಿಧಾನವಾಗಿ "ಒಂದು, ಎರಡು, ಮೂರು" ಎಂದು ಎಣಿಸತೊಡಗಿದಳು. ಹನ್ನೊಂದಕ್ಕೆ ಬಂದು ನಿಂತಳು.

"ಅಷ್ಟು ತಿಂಗಳು" ಎಂದಳು. "ಈಗ ನೀವು ಎಣಿಸಿ. ನಾನು ಕಾಯ್ತೀನಿ."